ಕೌಶಲ ಬೇರೆ, ಹುರುಪು ಬೇರೆ: ಸಾಫ್ಟ್‌ವೇರ್ ತಂಡದ ಸದಸ್ಯರನ್ನು ಕೆಲಸವಾರು ಅರಿಯುವ ಕ್ರಮ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಕಚೇರಿಯಲ್ಲಿ ಒಂಬತ್ತು ಮಂದಿ ಎಂಜಿನಿಯರುಗಳಿದ್ದಾರೆ. ಸಕ್ಕರೆ ಕಾರ್ಖಾನೆಗಳ ಕಾಟಾ (ಗಾಡಿ ಸಮೇತ ಕಬ್ಬು ತೂಗುವ ತೂಕಯಂತ್ರ) ಲೆಕ್ಕ, ಕಬ್ಬು ಬೆಳೆಗಾರರ ಬಿಲ್ಲು, ಉದ್ಯಮಬಾಗದ ಫೌಂಡ್ರಿಗಳ ದಾಸ್ತಾನು, ಇವುಗಳಿಗೆ ಬೇಕಾದ ಸಾಫ್ಟ್‌ವೇರನ್ನು ನಾವು ಬರೆದು ನಡೆಸುತ್ತೇವೆ. ಇಷ್ಟು ಸಣ್ಣ ತಂಡದಲ್ಲಿ ಒಬ್ಬರ ಸಾಮರ್ಥ್ಯವನ್ನು ತಪ್ಪಾಗಿ ಅಂದಾಜು ಮಾಡಿದರೆ ಅದರ ಬಿಸಿ ಎಲ್ಲರಿಗೂ ತಟ್ಟುತ್ತದೆ. ದೊಡ್ಡ ನಗರದಲ್ಲಿ ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರು ಬೇಗ ಸಿಕ್ಕಾರು; ಇಲ್ಲಿ, ಕಾಟಾದ ಯಂತ್ರದಿಂದ ಬರುವ ಅಂಕಿಯನ್ನೂ ರೈತನ ಬಿಲ್ಲಿನಲ್ಲಿ ಬರುವ ಕಡಿತಗಳನ್ನೂ ಬಲ್ಲ ಎಂಜಿನಿಯರ್ ತಯಾರಾಗಲು ಒಂದು ಇಡೀ ಹಂಗಾಮು ಬೇಕಾಗುತ್ತದೆ. ಯಾರಿಗೆ ಏನು ಬರುತ್ತದೆ, ಯಾರಿಗೆ ಯಾವುದರಲ್ಲಿ ಮನಸ್ಸಿದೆ ಎಂಬುದನ್ನು ಅರಿಯುವ ಕೆಲಸವನ್ನು ವರ್ಷಕ್ಕೊಮ್ಮೆ ಅಪ್ರೈಸಲ್ ಫಾರ್ಮ್ ತುಂಬುವ ದಿನಕ್ಕೆ ಬಿಡಬಾರದು ಎಂದು ನಾನು ಬಲವಾಗಿ ನಂಬಿರುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ನಾನೇ ಮಾಡಿದ ತಪ್ಪು. ಬೇರೊಂದು ಕಂಪನಿಯಲ್ಲಿ ಮೊದಲ ಸಲ ಟೀಮ್ ಲೀಡ್ ಆಗಿದ್ದಾಗ ಅಥಣಿ ಕಡೆಯ ಒಬ್ಬ ಹುಡುಗಿ ನನ್ನ ತಂಡದಲ್ಲಿದ್ದಳು. ವರದಿಗಳನ್ನು ತಯಾರಿಸುವ ಭಾಗವನ್ನು ಅವಳು ಬಹಳ ಅಚ್ಚುಕಟ್ಟಾಗಿ ಬರೆದಿದ್ದಳು. ಅದನ್ನು ನೋಡಿ ಪಾವತಿಯ ಭಾಗವನ್ನು ಅವಳಿಗೆ ಒಪ್ಪಿಸಿದೆ. ಎರಡು ತಿಂಗಳಲ್ಲಿ ಟಿಕೆಟುಗಳು, ಅಂದರೆ ಒಬ್ಬೊಬ್ಬರಿಗೆ ಬರೆದುಕೊಟ್ಟ ಬಿಡಿ ಕೆಲಸಗಳು, ಮುಗಿಯುವುದು ನಿಧಾನವಾಯಿತು, ತಂಡದ ದಿನದ ಚಿಕ್ಕ ಸಭೆಯಾದ ಸ್ಟ್ಯಾಂಡ್‌ಅಪ್‌ನಲ್ಲಿ ಅವಳ ಮಾತು ಕಡಿಮೆಯಾಯಿತು. ನಾನು ಅಪ್ರೈಸಲ್‌ನಲ್ಲಿ ‘ಆಸಕ್ತಿ ಕಡಿಮೆಯಾಗಿದೆ’ ಎಂದು ಬರೆದೆ. ಅವಳು ರಾಜೀನಾಮೆ ಕೊಟ್ಟು ಪುಣೆಗೆ ಹೋದಳು. ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸುವಾಗ ಅವಳು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಸರ್ವರ್ ಲಾಗ್ ನೋಡಾಕ ನನಗ ಪರ್ಮಿಷನ್ನ ಇರಲಿಲ್ರಿ ಸರ್. ಕೇಳಿದ್ರ ಸೀನಿಯರ್ ‘ಇಷ್ಟೂ ಗೊತ್ತಿಲ್ಲೇನು’ ಅಂತಿದ್ರು. ಆಮ್ಯಾಲ ಕೇಳೂದ ಬಿಟ್ಟೆ.” ಅವಳಲ್ಲಿ ಕೌಶಲದ ಕೊರತೆಯೂ ಇರಲಿಲ್ಲ, ಆಸಕ್ತಿಯ ಕೊರತೆಯೂ ಇರಲಿಲ್ಲ. ಆ ಒಂದು ಕೆಲಸಕ್ಕೆ ಬೇಕಾದ ದಾರಿಯನ್ನು, ಅಂದರೆ ಸರ್ವರ್‌ನಲ್ಲಿ ನಡೆದದ್ದು ದಾಖಲಾಗುವ ಲಾಗನ್ನು ನೋಡುವ ಅನುಮತಿಯನ್ನು, ನಾನು ತೆರೆದುಕೊಟ್ಟಿರಲಿಲ್ಲ.

ಅಲ್ಲಿಂದ ಮುಂದೆ ನಾನು ಪಾಲಿಸಿಕೊಂಡು ಬಂದ ನಿಯಮ ಒಂದೇ. ಅಳೆಯಬೇಕಾದದ್ದು ವ್ಯಕ್ತಿಯನ್ನಲ್ಲ, ಒಬ್ಬ ವ್ಯಕ್ತಿ ಮತ್ತು ಒಂದು ಕೆಲಸ ಇವೆರಡರ ನಡುವಿನ ಸಂಬಂಧವನ್ನು. ಅಮೆರಿಕದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಸಂದರ್ಭಾನುಸಾರ ನಾಯಕತ್ವದ ವಿಚಾರದ ತಿರುಳೂ ಹೆಚ್ಚುಕಡಿಮೆ ಇದೇ: ಒಬ್ಬರೇ ವ್ಯಕ್ತಿ ಒಂದು ಕೆಲಸದಲ್ಲಿ ಪಳಗಿದವರೂ ಇನ್ನೊಂದರಲ್ಲಿ ಹೊಸಬರೂ ಆಗಿರುತ್ತಾರೆ, ಆದ್ದರಿಂದ ನಾಯಕನಾದವನು ಅವರೊಂದಿಗೆ ನಡೆದುಕೊಳ್ಳುವ ರೀತಿಯೂ ಕೆಲಸಕ್ಕೆ ತಕ್ಕಂತೆ ಬದಲಾಗಬೇಕು. ಇದನ್ನು ದಿನನಿತ್ಯದಲ್ಲಿ ಹೇಗೆ ಮಾಡುವುದು ಎಂಬುದನ್ನು ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಹೆಸರಿಗಿಂತ ಮೊದಲು ಕೆಲಸಗಳನ್ನು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು, ತಂಡದಲ್ಲಿ ನಿಜವಾಗಿ ನಡೆಯುವ ಕೆಲಸಗಳನ್ನು ಆರರಿಂದ ಎಂಟು ಸಾಲುಗಳಲ್ಲಿ ಬರೆಯಿರಿ. ‘ಜಾವಾ’, ‘ಪೈಥಾನ್’ ಎಂದು ಭಾಷೆಗಳ ಹೆಸರು ಬರೆಯುವುದರಿಂದ ಹೆಚ್ಚು ಉಪಯೋಗವಿಲ್ಲ. ಜಾವಾ ಬಲ್ಲವರೆಲ್ಲ ಇನ್ನೊಬ್ಬರು ಬರೆದ ಹಳೆಯ ಜಾವಾ ಕೋಡನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲರು ಎಂದೇನೂ ಇಲ್ಲ. ನಮ್ಮ ಹಾಳೆಯಲ್ಲಿರುವ ಸಾಲುಗಳು ಇವು: ಹಳೆಯ ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವುದು, ಬಗ್‌ನ (ಪ್ರೋಗ್ರಾಂನಲ್ಲಿರುವ ದೋಷದ) ಮೂಲ ಹುಡುಕುವುದು, ಹೊಸ ಭಾಗವನ್ನು ವಿನ್ಯಾಸ ಮಾಡುವುದು, ಡೇಟಾಬೇಸ್ ಕ್ವೆರಿ ಬರೆಯುವುದು ಮತ್ತು ಅದರ ವೇಗ ಹೆಚ್ಚಿಸುವುದು, ಟೆಸ್ಟ್ (ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಾನಾಗಿ ಪರಿಶೀಲಿಸುವ ಕೋಡ್) ಬರೆಯುವುದು, ಇತರರ ಕೋಡನ್ನು ರಿವ್ಯೂ ಮಾಡುವುದು, ಸರ್ವರ್‌ಗೆ ಹೊಸ ಆವೃತ್ತಿ ಹಾಕುವುದು, ಕಾರ್ಖಾನೆಯ ಸಿಬ್ಬಂದಿಯೊಂದಿಗೆ ಮಾತನಾಡಿ ಅವರಿಗೆ ನಿಜವಾಗಿ ಏನು ಬೇಕೆಂದು ತಿಳಿದುಕೊಳ್ಳುವುದು.

ಪ್ರತಿಯೊಬ್ಬ ಸದಸ್ಯರಿಗೂ ಈ ಸಾಲುಗಳಿರುವ ಒಂದೊಂದು ಹಾಳೆ ಇರಲಿ. ಪ್ರತಿ ಸಾಲಿಗೆ ಎರಡು ಖಾನೆ, ಒಂದು ಕೌಶಲಕ್ಕೆ, ಇನ್ನೊಂದು ಹುರುಪಿಗೆ. ಇಡೀ ವ್ಯಕ್ತಿಗೆ ಒಟ್ಟಾರೆ ಅಂಕ ಕೊಡುವ ಖಾನೆಯನ್ನು ಮಾಡಲೇಬೇಡಿ. ಅದು ಇದ್ದರೆ ಕೈ ಮೊದಲು ಅಲ್ಲಿಗೇ ಹೋಗುತ್ತದೆ, ಉಳಿದ ಖಾನೆಗಳನ್ನು ಅದಕ್ಕೆ ಹೊಂದುವಂತೆ ತುಂಬುತ್ತೇವೆ.

ಎರಡನೆಯ ಹೆಜ್ಜೆ: ಕೌಶಲಕ್ಕೆ ಸಾಕ್ಷ್ಯ ಹುಡುಕುವುದು

ಕೌಶಲದ ಖಾನೆಯಲ್ಲಿ ಏನು ಬರೆಯಬೇಕು? ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಎಂಬ ಅಂಕಗಳಿಗೆ ಅರ್ಥವಿಲ್ಲ. ಏಳಕ್ಕೂ ಎಂಟಕ್ಕೂ ಇರುವ ವ್ಯತ್ಯಾಸವನ್ನು ಯಾರೂ ವಿವರಿಸಲಾರರು. ಅದರ ಬದಲು ಸ್ಟುವರ್ಟ್ ಮತ್ತು ಹ್ಯೂಬರ್ಟ್ ಡ್ರೇಫಸ್ ಸಹೋದರರು 1980ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದ ಐದು ಮೆಟ್ಟಿಲುಗಳ ಕ್ರಮ ನನಗೆ ಹೆಚ್ಚು ನೆರವಾಗಿದೆ. ಅವರ ಪ್ರಕಾರ ಹೊಸಬ ನಿಯಮವನ್ನು ಅಕ್ಷರಶಃ ಪಾಲಿಸುತ್ತಾನೆ. ಮೇಲೇರಿದಂತೆ ಸಂದರ್ಭವನ್ನು ಗುರುತಿಸಲು ಕಲಿಯುತ್ತಾನೆ, ಆಮೇಲೆ ತಾನೇ ಯೋಜನೆ ಹಾಕಿಕೊಂಡು ಅದರ ಫಲಕ್ಕೆ ಹೊಣೆಯಾಗುತ್ತಾನೆ. ಕೊನೆಯ ಮೆಟ್ಟಿಲಿನಲ್ಲಿರುವ ಪರಿಣತ ಸಮಸ್ಯೆಯನ್ನು ನೋಡಿದ ಕೂಡಲೇ ದಾರಿಯನ್ನು ಗ್ರಹಿಸುತ್ತಾನೆ. ನಾನು ಇದನ್ನು ಇನ್ನಷ್ಟು ಸರಳ ಮಾಡಿಕೊಂಡು ನಾಲ್ಕು ವಾಕ್ಯಗಳಲ್ಲಿ ಬರೆಯುತ್ತೇನೆ: ಪಕ್ಕದಲ್ಲಿ ಯಾರಾದರೂ ಕುಳಿತರೆ ಮಾಡುತ್ತಾರೆ, ದಾರಿ ಹೇಳಿದರೆ ತಾವೇ ಮಾಡುತ್ತಾರೆ, ಸಮಸ್ಯೆ ಹೇಳಿದರೆ ದಾರಿಯನ್ನೂ ತಾವೇ ಕಂಡುಕೊಳ್ಳುತ್ತಾರೆ, ಇತರರಿಗೆ ಕಲಿಸುತ್ತಾರೆ. ಪ್ರತಿ ತೀರ್ಮಾನದ ಪಕ್ಕದಲ್ಲಿ ಅದಕ್ಕೆ ಆಧಾರವಾದ ಒಂದು ನಿಜ ಘಟನೆ ಇರಬೇಕು. ಘಟನೆ ನೆನಪಾಗದಿದ್ದರೆ ಖಾನೆಯನ್ನು ಖಾಲಿ ಬಿಡಿ. ಖಾಲಿ ಖಾನೆ ಎಂದರೆ ಆ ಕೆಲಸವನ್ನು ಅವರಿಗೆ ನೀವು ಇನ್ನೂ ಕೊಟ್ಟೇ ಇಲ್ಲ ಎಂದರ್ಥ, ಅದು ಸಹ ತಿಳಿಯಬೇಕಾದ ಸಂಗತಿಯೇ.

ಸಾಕ್ಷ್ಯ ಸಿಗುವ ಮೊದಲ ಜಾಗ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಇತಿಹಾಸ ಮತ್ತು ಹಳೆಯ ಪುಲ್ ರಿಕ್ವೆಸ್ಟ್‌ಗಳು, ಅಂದರೆ ಬದಲಾವಣೆಯನ್ನು ಸೇರಿಸುವ ಮೊದಲು ಇತರರ ರಿವ್ಯೂಗೆ ಇಟ್ಟ ಕೋರಿಕೆಗಳು. ಆದರೆ ಎಣಿಸಬೇಡಿ, ಓದಿ. ಎಷ್ಟು ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ), ಎಷ್ಟು ಸಾಲು, ಎಷ್ಟು ಟಿಕೆಟ್ ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ, ಅಷ್ಟೇ ಸುಲಭವಾಗಿ ದಾರಿ ತಪ್ಪಿಸುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಗುರುತಿಸಿದ ಸಂಗತಿ ಇಲ್ಲಿಗೂ ಸರಿಯಾಗಿ ಹೊಂದುತ್ತದೆ: ಒಂದು ಅಂಕಿಯನ್ನು ಹಿಡಿದು ಜನರನ್ನು ನಿಯಂತ್ರಿಸಲು ಹೊರಟರೆ ಆ ಅಂಕಿ ಮೊದಲು ಹೇಳುತ್ತಿದ್ದ ಸತ್ಯವನ್ನು ಹೇಳುವುದನ್ನು ನಿಲ್ಲಿಸುತ್ತದೆ. ಟಿಕೆಟ್ ಎಣಿಸುತ್ತೀರೆಂದು ತಿಳಿದರೆ ಒಂದೇ ಟಿಕೆಟ್ ಮೂರಾಗುತ್ತದೆ. ಇಡೀ ವಾರ ಹುಡುಕಿ ಒಂದೇ ಸಾಲನ್ನು ತಿದ್ದಿದವರು ಪಟ್ಟಿಯ ಕೊನೆಯಲ್ಲಿ ಕಾಣುತ್ತಾರೆ. ಓದುವಾಗ ಗಮನಿಸಬೇಕಾದದ್ದು ಬೇರೆ: ರಿವ್ಯೂನಲ್ಲಿ ಕೇಳಿದ ಪ್ರಶ್ನೆಗೆ ಅವರು ಕಾರಣ ಕೊಟ್ಟು ಉತ್ತರಿಸಿದ್ದಾರೆಯೇ, ಒಮ್ಮೆ ತೋರಿಸಿದ ತಪ್ಪು ಮೂರು ತಿಂಗಳ ನಂತರವೂ ಬರುತ್ತಿದೆಯೇ, ಇತರರ ಕೋಡಿಗೆ ಅವರು ಬರೆದ ಟಿಪ್ಪಣಿ ಬರೀ ಸ್ಪೇಸು, ಹೆಸರುಗಳಿಗೆ ನಿಲ್ಲುತ್ತದೆಯೇ ಅಥವಾ ‘ಎರಡು ಟ್ರ್ಯಾಕ್ಟರ್‌ಗಳ ಚೀಟಿ ಒಂದೇ ಕ್ಷಣಕ್ಕೆ ಬಂದರೆ ಏನಾಗುತ್ತದೆ’ ಎಂದು ಕೇಳುತ್ತದೆಯೇ.

ಈಗ ಎಐ ಸಹಾಯಕಗಳು ಬರೆದುಕೊಡುವ ಕೋಡ್ ನೋಡಲು ನೀಟಾಗಿಯೇ ಇರುತ್ತದೆ. ಆದ್ದರಿಂದ ಬರೆದ ಕೋಡನ್ನು ಮಾತ್ರ ನೋಡಿ ಕೌಶಲ ಹೇಳುವ ಕಾಲ ಹೋಯಿತು. ಪಕ್ಕದಲ್ಲಿ ಕುಳಿತು ಒಂದು ಗಂಟೆ ಬಗ್ ಹುಡುಕುವುದೇ ನಾನು ಕಂಡ ಅತ್ಯಂತ ನಂಬಲರ್ಹ ವಿಧಾನ. ನಾನು ಬಳಸುವ ಒಂದು ಉದಾಹರಣೆಯನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ಇದು ನಮ್ಮಲ್ಲಿ ನಿಜವಾಗಿ ನಡೆದದ್ದು.

ಕಾರ್ಖಾನೆಯ ಕಾಟಾದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಾಗ ತೂಕ ತೋರಿಸುವ ಯಂತ್ರ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಒಂದೇ ಸಮನೆ ಅಂಕಿಯ ಸಾಲುಗಳನ್ನು ಕಳುಹಿಸುತ್ತಿರುತ್ತದೆ. ಒಂದು ರಾತ್ರಿ ಪಾಳಿಯಲ್ಲಿ, ನೂರಾರು ಗಾಡಿಗಳಲ್ಲಿ ಒಂದೆರಡಕ್ಕೆ ಮಾತ್ರ, ಪರದೆಯ ಮೇಲೆ 18,450 ಕಿಲೋ ಕಂಡರೂ ಚೀಟಿಯಲ್ಲಿ 8,450 ಎಂದು ಬಿತ್ತು. ಕಾರಣ ಇಷ್ಟೇ: ಸಾಲಿನ ಕೊನೆಯ ಗುರುತು ಬರುವವರೆಗೆ ಕಾಯದೆ, ನಿಗದಿತ ಹೊತ್ತಿಗೆ ಕೈಗೆ ಸಿಕ್ಕಷ್ಟು ಅಕ್ಷರಗಳನ್ನು ನಮ್ಮ ಪ್ರೋಗ್ರಾಂ ಓದುತ್ತಿತ್ತು, ಅಪರೂಪಕ್ಕೆ ಮೊದಲ ಅಂಕಿ ಹಿಂದಿನ ತುಣುಕಿನಲ್ಲೇ ಉಳಿದುಬಿಡುತ್ತಿತ್ತು. ಇದನ್ನು ಒಂದು ಟಿಕೆಟ್ಟಿನ ರೂಪದಲ್ಲಿ ಎದುರಿಗಿಟ್ಟು ನಾನು ಸುಮ್ಮನೆ ಕೂರುತ್ತೇನೆ. ಹೊಸಬರು ನೇರವಾಗಿ, ತುಂಬಿದ ಗಾಡಿಯ ತೂಕದಿಂದ ಖಾಲಿ ಗಾಡಿಯ ತೂಕ ಕಳೆಯುವ ಲೆಕ್ಕದ ಸಾಲಿಗೆ ಹೋಗಿ ಅದನ್ನು ತಿದ್ದಲು ನೋಡುತ್ತಾರೆ. ಸ್ವಲ್ಪ ಪಳಗಿದವರು ‘ಎಲ್ಲ ಗಾಡಿಗೂ ಆಗುತ್ತದೆಯೇ, ಕೆಲವಕ್ಕೆ ಮಾತ್ರವೇ’ ಎಂದು ಕೇಳುತ್ತಾರೆ. ಇನ್ನೂ ಪಳಗಿದವರು 18,450ಕ್ಕೂ 8,450ಕ್ಕೂ ಸರಿಯಾಗಿ ಹತ್ತು ಸಾವಿರದ ವ್ಯತ್ಯಾಸವಿದೆ, ಇದು ಲೆಕ್ಕದ ತಪ್ಪಲ್ಲ, ಒಂದು ಅಕ್ಷರ ಕಳೆದುಹೋಗಿದೆ ಎಂದು ಅಂಕಿಯನ್ನು ನೋಡಿಯೇ ಹೇಳುತ್ತಾರೆ. ಉತ್ತರ ಸಿಕ್ಕಿತೇ ಇಲ್ಲವೇ ಎಂಬುದಕ್ಕಿಂತ ಅವರು ಕೇಳಿದ ಪ್ರಶ್ನೆಗಳ ಕ್ರಮವನ್ನು ಬರೆದಿಟ್ಟುಕೊಳ್ಳಿ. ಅಂತಹ ಒಂದು ಗಂಟೆಯಲ್ಲಿ ತಿಳಿಯುವಷ್ಟು ಆರು ತಿಂಗಳ ಟಿಕೆಟ್ ಪಟ್ಟಿಯಲ್ಲೂ ತಿಳಿಯುವುದಿಲ್ಲ.

ನಿಮ್ಮ ತಂಡದಲ್ಲೂ ಈಗಾಗಲೇ ಪರಿಹಾರ ಕಂಡ ಇಂತಹ ಎರಡು ಮೂರು ಹಳೆಯ ಬಗ್‌ಗಳು ಇದ್ದೇ ಇರುತ್ತವೆ. ಅವುಗಳನ್ನು ತೆಗೆದಿಡಿ. ಇದು ಪರೀಕ್ಷೆಯಲ್ಲ, ಎಲ್ಲರೊಂದಿಗೂ ಒಮ್ಮೆ ಕೂರುತ್ತೇನೆ ಎಂದು ಮೊದಲೇ ಹೇಳಿ. ಪರೀಕ್ಷೆಯ ಭಯದಲ್ಲಿ ಬಲ್ಲವರೂ ತಡವರಿಸುತ್ತಾರೆ.

ಇಂಗ್ಲಿಷಿನ ಸರಾಗವನ್ನು ಕೌಶಲವೆಂದು ಎಣಿಸಬೇಡಿ

ಇದಕ್ಕೆ ಪ್ರತ್ಯೇಕ ಜಾಗ ಕೊಡಲು ಕಾರಣವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯನ್ನೇ ಕೇಂದ್ರವಾಗಿಟ್ಟುಕೊಂಡು ಆರಂಭವಾಯಿತು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಅದಕ್ಕಿಂತ ಎಷ್ಟೋ ಮೊದಲು, 1963ರಿಂದಲೇ ಇದೆ. ಈ ಭಾಗದ ಕಾಲೇಜುಗಳಿಂದ ನಮ್ಮಲ್ಲಿಗೆ ಬರುವ ಎಷ್ಟೋ ಮಕ್ಕಳು ಗೋಕಾಕ, ರಾಯಬಾಗ, ಮುಧೋಳ, ಇಂಡಿ ಕಡೆಯ ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಇನ್ನು ಕೆಲವರ ಮನೆಮಾತು ಮರಾಠಿ. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತದೆ, ಡಿಸೈನ್ ದಾಖಲೆ ಇಂಗ್ಲಿಷಿನಲ್ಲಿರುತ್ತದೆ. ಸರಾಗವಾಗಿ ಮಾತನಾಡುವವರು ತಿಳಿದವರಂತೆಯೂ ತಡೆದು ಮಾತನಾಡುವವರು ತಿಳಿಯದವರಂತೆಯೂ ಕಾಣುತ್ತಾರೆ. ಈ ಮೋಸ ನನಗೆ ಹಲವು ಸಲ ಆಗಿದೆ.

ಪರಿಹಾರ ಕಷ್ಟದ್ದಲ್ಲ. ಕೌಶಲವನ್ನು ಅರಿಯುವ ಆ ಒಂದು ಗಂಟೆಯಲ್ಲಿ ಅವರು ಯೋಚಿಸುವ ಭಾಷೆಯಲ್ಲೇ ವಿವರಿಸಲು ಹೇಳಿ. ಸ್ಟ್ಯಾಂಡ್‌ಅಪ್‌ನಲ್ಲಿ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡದ ಒಬ್ಬ ತರುಣ, ಬಿಳಿ ಹಲಗೆಯ ಮುಂದೆ ನಿಂತು ಇಂಡೆಕ್ಸ್ (ಹುಡುಕಲು ನೆರವಾಗುವ ಸೂಚಿ) ಇಲ್ಲದ ಡೇಟಾಬೇಸ್ ಟೇಬಲ್ಲಿನಲ್ಲಿ ಹುಡುಕುವುದೆಂದರೆ ಒಂದು ಜಮೀನಿನ ಉತಾರೆ (ಪಹಣಿ) ಹುಡುಕಲು ಇಡೀ ತಾಲೂಕಿನ ದಫ್ತರವನ್ನು ಮೊದಲ ಪುಟದಿಂದ ತಿರುವಿ ಹಾಕಿದಂತೆ ಎಂದು ವಿವರಿಸಿದ. ಅಷ್ಟು ಸ್ಪಷ್ಟವಾಗಿ ನಮ್ಮಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದು, ಮಾತಾಡುವುದು ನಿಮ್ಮ ಕೆಲಸಕ್ಕೆ ಅಗತ್ಯವಿದ್ದರೆ ಹಾಳೆಯಲ್ಲಿ ಅದನ್ನೊಂದು ಬೇರೆ ಸಾಲಾಗಿ ಸೇರಿಸಿ, ಉಳಿದ ಸಾಲುಗಳ ಮೇಲೆ ಅದರ ನೆರಳು ಬೀಳದಂತೆ ನೋಡಿಕೊಳ್ಳಿ.

ಮೂರನೆಯ ಹೆಜ್ಜೆ: ಹುರುಪನ್ನು ಓದುವುದು

ಕೌಶಲವನ್ನು ಕೆಲಸದಲ್ಲಿ ಕಣ್ಣಾರೆ ನೋಡಬಹುದು. ಹುರುಪನ್ನು ಲಕ್ಷಣಗಳಿಂದ ಊಹಿಸಬೇಕು. ಆದ್ದರಿಂದಲೇ ಇಲ್ಲಿ ತಪ್ಪು ಹೆಚ್ಚು.

ಮೊದಲು, ಯಾವುದು ಲಕ್ಷಣವಲ್ಲ ಎಂಬುದನ್ನು ತೆಗೆದುಹಾಕೋಣ. ರಾತ್ರಿ ಎಂಟರವರೆಗೆ ಕಚೇರಿಯಲ್ಲಿ ಕೂರುವುದು ಹುರುಪಿನ ಗುರುತಲ್ಲ. ಬೈಲಹೊಂಗಲಕ್ಕೋ ಖಾನಾಪುರಕ್ಕೋ ದಿನಾ ಹೋಗಿಬರುವ ಹುಡುಗಿ ಸಂಜೆಯ ಬಸ್ಸು ಹಿಡಿಯಲೇಬೇಕು. ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕುಳಿತಿರುವುದನ್ನು ನೋಡಲು ನೀವು ಅಷ್ಟು ಬೇಗ ಬಂದಿರುವುದಿಲ್ಲ. ಕಬ್ಬು ಕಟಾವಿಗೆ ಬಂದಾಗ ಊರಿಗೆ ರಜೆ ಕೇಳುವುದು ಕೆಲಸದ ಬಗೆಗಿನ ತಾತ್ಸಾರವಲ್ಲ. ಮನೆಯವರ ಒತ್ತಾಯಕ್ಕೆ ಸರಕಾರಿ ನೌಕರಿಯ ಪರೀಕ್ಷೆ ಬರೆದು ಬಂದವನು ಮನಸ್ಸನ್ನೂ ಅಲ್ಲೇ ಬಿಟ್ಟು ಬಂದಿದ್ದಾನೆಂದು ತಿಳಿಯಬೇಡಿ. ಮೀಟಿಂಗಿನಲ್ಲಿ ಮೌನವಾಗಿರುವುದು ಕೆಲವರ ಸ್ವಭಾವ, ಅಷ್ಟೆ.

ನಿಜವಾದ ಲಕ್ಷಣ ಇರುವುದು ಬದಲಾವಣೆಯಲ್ಲಿ, ಅದೂ ಆ ವ್ಯಕ್ತಿಯ ಹಿಂದಿನ ರೀತಿಗೆ ಹೋಲಿಸಿದಾಗ. ರಿವ್ಯೂನಲ್ಲಿ ವಾದ ಮಾಡುತ್ತಿದ್ದವರು ಈಗ ಏನು ಹೇಳಿದರೂ ‘ಓಕೆ ಸರ್’ ಎನ್ನುತ್ತಿದ್ದರೆ ಎಚ್ಚರವಾಗಿ. ಅನುಭವದ ಮೇಲೆ ಹೇಳುತ್ತೇನೆ, ವಾದ ನಿಂತದ್ದು ಒಪ್ಪಿಗೆಯ ಗುರುತಲ್ಲ. ತಾವಾಗಿ ಟೆಸ್ಟ್ ಸೇರಿಸುತ್ತಿದ್ದವರು ಕೇಳಿದಷ್ಟನ್ನೇ ಮಾಡತೊಡಗಿದರೆ, ತಮ್ಮದಲ್ಲದ ಬಗ್ ಕಂಡರೂ ಹೇಳದೆ ದಾಟಿಹೋದರೆ, ಬರೆದಿಟ್ಟುಕೊಳ್ಳಿ. ಹಾಗೆಯೇ ಒಳ್ಳೆಯ ಲಕ್ಷಣಗಳನ್ನೂ ಬರೆಯಿರಿ: ಯಾರೂ ಹೇಳದೆ ಕಾಟಾದ ಮನೆಗೆ ಹೋಗಿ ಪಾಳಿಯವರು ಪರದೆಯನ್ನು ಹೇಗೆ ಬಳಸುತ್ತಾರೆ ಎಂದು ನೋಡಿಬಂದದ್ದು, ಹೊಸಬರಿಗಾಗಿ ಎರಡು ಪುಟದ ಟಿಪ್ಪಣಿ ಬರೆದದ್ದು.

ಲಕ್ಷಣದ ಹಿಂದಿನ ಕಾರಣಕ್ಕೆ ಹೋಗಲು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಬೆಳೆಸಿದ ವಿಚಾರ ದಾರಿ ತೋರುತ್ತದೆ. ಮನುಷ್ಯನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಬೇಕಾದರೆ ಮೂರು ಬೇಕು ಎನ್ನುತ್ತಾರೆ ಅವರು: ತನ್ನ ಕೆಲಸದ ರೀತಿಯನ್ನು ತಾನೇ ತೀರ್ಮಾನಿಸುವ ಅವಕಾಶ, ತಾನು ಇದನ್ನು ಮಾಡಬಲ್ಲೆ ಎಂಬ ಭಾವ, ಸುತ್ತಲಿನವರೊಂದಿಗೆ ನಂಟು. ಡೆಸಿ 1971ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟು, ಒಂದು ಗುಂಪಿಗೆ ನಡುವಿನ ಸುತ್ತಿನಲ್ಲಿ ಬಿಡಿಸಿದ ಪ್ರತಿ ಒಗಟಿಗೂ ಹಣ ಕೊಟ್ಟರು. ಹಣ ನಿಂತ ಮೇಲೆ ಆ ಗುಂಪಿನವರು ಬಿಡುವಿನ ವೇಳೆಯಲ್ಲಿ ಒಗಟಿನೊಂದಿಗೆ ಕಳೆಯುವ ಹೊತ್ತು ಕಡಿಮೆಯಾಯಿತು. ಸಂಬಳ ಮುಖ್ಯವಲ್ಲ ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಬೆಳಗಾವಿಯ ಸಂಬಳಕ್ಕೂ ಪುಣೆಯ ಸಂಬಳಕ್ಕೂ ಇರುವ ಅಂತರವನ್ನು ನಮ್ಮ ಎಂಜಿನಿಯರುಗಳು ಚೆನ್ನಾಗಿ ಬಲ್ಲರು, ನ್ಯಾಯವಾದ ಸಂಬಳ ಕೊಡದೆ ಹುರುಪಿನ ಮಾತು ಆಡುವುದು ಸರಿಯಲ್ಲ. ಆದರೆ ಪ್ರತಿ ಟಿಕೆಟ್ಟಿಗೆ ಬೋನಸ್ ಕಟ್ಟಿ ಹುರುಪು ತರಬಹುದೆಂಬ ಯೋಚನೆಯನ್ನು ಬಿಡಬೇಕು. ಆ ಮೂರರಲ್ಲಿ ಯಾವುದು ಕುಸಿದಿದೆ ಎಂಬುದನ್ನು ಹುರುಪಿನ ಖಾನೆಯಲ್ಲಿ ಬರೆಯಿರಿ. ‘ಹುರುಪು ಕಡಿಮೆ’ ಎಂದು ಬರೆದರೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ. ‘ತೀರ್ಮಾನಗಳೆಲ್ಲ ಮೇಲಿನಿಂದ ಬರುತ್ತಿವೆ’ ಎಂದು ಬರೆದರೆ ನಾಳೆಯೇ ಬದಲಿಸಬಹುದಾದ ಒಂದು ಸಂಗತಿ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಕೇಳುವುದು

ಊಹೆ ಎಷ್ಟೇ ಚೆನ್ನಾಗಿರಲಿ, ಕೇಳದೆ ತೀರ್ಮಾನಕ್ಕೆ ಬರಬಾರದು. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಒಬ್ಬೊಬ್ಬರೊಂದಿಗೆ ಕುಳಿತುಕೊಳ್ಳಿ, ಟಿಕೆಟ್ಟಿನ ಸ್ಥಿತಿಯನ್ನು ಅಲ್ಲಿ ಕೇಳಬೇಡಿ. ‘ಈ ಕೆಲಸದಲ್ಲಿ ಆಸಕ್ತಿ ಇದೆಯೇ’ ಎಂಬ ಪ್ರಶ್ನೆಗೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ, ಹಿರಿಯರ ಮುಂದೆ ಇಲ್ಲ ಎನ್ನಲು ನಾಲಿಗೆ ಬರುವುದಿಲ್ಲ. ಆದ್ದರಿಂದ ಘಟನೆಯನ್ನು ಕೇಳಬೇಕು. ಈ ತಿಂಗಳು ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ? ಯಾವ ಟಿಕೆಟನ್ನು ತೆರೆಯಲು ಮನಸ್ಸಾಗದೆ ಮುಂದೂಡುತ್ತಿದ್ದೀರಿ? ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಮೊದಲು ಯಾರನ್ನು ಕೇಳುತ್ತೀರಿ, ಕೇಳಿದಾಗ ಅವರು ಏನೆನ್ನುತ್ತಾರೆ? ಕೊನೆಯ ಪ್ರಶ್ನೆಯನ್ನು ಆ ಅಥಣಿಯ ಹುಡುಗಿಗೆ ಕೇಳಿದ್ದರೆ ಸಾಕಿತ್ತು.

ಒಮ್ಮೆ ನಾಲ್ಕು ವರ್ಷ ಅನುಭವವಿದ್ದ ಒಬ್ಬ ಎಂಜಿನಿಯರ್, ಬಿಲ್ಲಿನ ಭಾಗದ ಟಿಕೆಟುಗಳನ್ನು ಒಂದೇ ಸಮನೆ ಹಿಂದೆ ತಳ್ಳುತ್ತಿದ್ದ. ಬೇರೆ ಕೆಲಸಗಳಲ್ಲಿ ಅವನಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಕಚೇರಿಯ ಕೋಣೆಯಲ್ಲಿ ಕೇಳಿದಾಗ ‘ಏನಿಲ್ರಿ ಸರ್, ಮಾಡ್ತೇನಿ’ ಎಂದ. ಆರ್‌ಪಿಡಿ ವೃತ್ತದವರೆಗೆ ನಡೆದು ಚಹಾ ಕುಡಿಯುತ್ತ ಅದೇ ಮಾತನ್ನು ತೆಗೆದಾಗ, ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ: “ಆ ಮಾಡ್ಯೂಲ್ ಮುಟ್ಟಾಕ ಅಂಜಿಕಿ ಬರತೈತ್ರಿ ಸರ್. ಟೆಸ್ಟ್ ಒಂದೂ ಇಲ್ಲ. ಒಂದ್ ಕಡೆ ತಿದ್ದಿದ್ರ ಇನ್ನೊಂದ್ ಕಡೆ ರೈತರ ರೊಕ್ಕ ಹೆಚ್ಚು ಕಡಿಮಿ ಆದ್ರ ಯಾರ್ರಿ ಹೊಣಿ? ನಮ್ಮ ಅಪ್ಪನ ಬಿಲ್ಲೂ ಅದರಾಗ ಬರತೈತಿ.”

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ರೈತರಿಗೆ ಹಣ ಕೊಡಬೇಕು. ಬಿಲ್ಲಿನಲ್ಲಿ ತಪ್ಪು ನುಸುಳಿದರೆ ತಿದ್ದಿಕೊಳ್ಳಲು ಸಿಗುವ ಕಾಲ ಅಷ್ಟರಲ್ಲೇ. ಅವನು ಹಿಂದೇಟು ಹಾಕಿದ್ದು ಕಾಳಜಿ ಇಲ್ಲದ್ದರಿಂದ ಅಲ್ಲ, ಕಾಳಜಿ ಬಹಳ ಇದ್ದದ್ದರಿಂದ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ.

ಐದನೆಯ ಹೆಜ್ಜೆ: ಒಂದನ್ನು ಬದಲಿಸಿ ನೋಡುವುದು

ಮಾತುಕತೆಯಿಂದ ಒಂದು ಕಾರಣ ಹೊಳೆದ ಮೇಲೆ ಅದನ್ನು ಪರೀಕ್ಷಿಸಬೇಕು. ಒಂದೇ ಒಂದು ಸಂಗತಿಯನ್ನು ಬದಲಿಸಿ, ಎರಡು ಮೂರು ವಾರ ನೋಡಿ. ಆ ಎಂಜಿನಿಯರ್‌ಗೆ ನಾವು ಬೇರೆ ಕೆಲಸ ಕೊಡಲಿಲ್ಲ, ಹುರಿದುಂಬಿಸುವ ಮಾತನ್ನೂ ಆಡಲಿಲ್ಲ. ಹಿಂದಿನ ಹಂಗಾಮಿನ ನಾಲ್ಕು ನೂರು ಬಿಲ್ಲುಗಳನ್ನು ತೆಗೆದು, ಹೊಸ ಕೋಡ್ ಅವುಗಳನ್ನು ಮತ್ತೆ ಲೆಕ್ಕ ಹಾಕಿದಾಗ ಪೈಸೆಗೆ ಪೈಸೆ ಹೊಂದುತ್ತದೆಯೇ ಎಂದು ತಾನಾಗಿ ಪರಿಶೀಲಿಸುವ ಟೆಸ್ಟುಗಳನ್ನು ಬರೆಯಲು ಎರಡು ವಾರ ಬಿಟ್ಟುಕೊಟ್ಟೆವು. ಮೂರನೆಯ ವಾರ ಅವನು ಹಳೆಯ ಟಿಕೆಟುಗಳನ್ನು ತಾನಾಗಿಯೇ ಎತ್ತಿಕೊಂಡ.

ಬದಲಿಸಿದರೂ ಏನೂ ಆಗದಿದ್ದರೆ ಊಹೆ ತಪ್ಪಾಗಿತ್ತು ಎಂದು ತಿಳಿದು ಮತ್ತೆ ಕೇಳಬೇಕು. ಅನುಮತಿ, ಉಪಕರಣ, ಸ್ಪಷ್ಟವಲ್ಲದ ಅಪೇಕ್ಷೆ, ಕೆಲಸದ ಹೊರೆ, ಒಬ್ಬ ಸಹೋದ್ಯೋಗಿಯ ಚುಚ್ಚುಮಾತು, ಮನೆಯಲ್ಲಿ ಯಾರದೋ ಕಾಯಿಲೆ, ಇವನ್ನೆಲ್ಲ ನೋಡಿದ ಮೇಲೆಯೇ ವ್ಯಕ್ತಿಯ ಮನಸ್ಸಿನ ಬಗ್ಗೆ ಬರೆಯುವ ಹಕ್ಕು ನಮಗೆ ಬರುತ್ತದೆ. ಮನೆಯ ವಿಷಯವನ್ನು ಅವರಾಗಿ ಹೇಳಿದರೆ ಕೇಳಿ; ಕೆದಕಬೇಡಿ, ಹಾಳೆಯಲ್ಲಿ ಬರೆಯಬೇಡಿ.

ಎರಡು ಖಾನೆಗಳನ್ನೂ ಒಟ್ಟಿಗೆ ಓದಿದಾಗ

ಈಗ ಪ್ರತಿ ಸಾಲಿನಲ್ಲಿ ಎರಡು ಖಾನೆ ತುಂಬಿವೆ. ಹುರುಪಿದ್ದು ಕೌಶಲ ಇನ್ನೂ ಬಾರದ ಕೆಲಸದಲ್ಲಿ ಪಕ್ಕದಲ್ಲಿ ಕುಳಿತು ಕಲಿಸುವವರನ್ನು ಕೊಡಿ, ಬೇಗ ಬೇಗ ರಿವ್ಯೂ ಮಾಡಿ, ತಪ್ಪಿದರೂ ದೊಡ್ಡ ಹಾನಿಯಾಗದ ಜಾಗದಲ್ಲಿ ಕೆಲಸ ಕೊಡಿ. ಎರಡೂ ಇರುವ ಕೆಲಸದಲ್ಲಿ ಸಮಸ್ಯೆಯನ್ನು ಒಪ್ಪಿಸಿ ದೂರ ಸರಿಯಿರಿ. ಅಲ್ಲಿ ದಿನಾ ವಿಚಾರಿಸುವುದು ಹುರುಪನ್ನು ಕೊಲ್ಲುವ ಕೆಲಸ. ಎರಡೂ ಇಲ್ಲದ ಸಾಲು ಒಬ್ಬರ ಹಾಳೆಯಲ್ಲಿ ಒಂದೆರಡು ಇದ್ದರೆ ಅದು ಸಹಜ, ಆ ಕೆಲಸ ಬೇರೆಯವರಿಗೆ ಹೋಗಲಿ. ಹೆಚ್ಚಿನ ಸಾಲುಗಳು ಹಾಗಿದ್ದರೆ ಮಾತ್ರ ಈ ತಂಡ, ಈ ಕೆಲಸ ಅವರಿಗೆ ಹೊಂದುತ್ತದೆಯೇ ಎಂದು ಅವರೊಂದಿಗೇ ಮುಕ್ತವಾಗಿ ಮಾತಾಡಬೇಕು.

ಕೌಶಲವಿದ್ದು ಹುರುಪು ಕುಸಿದ ಸಾಲುಗಳಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ಇವು ಸಾಮಾನ್ಯವಾಗಿ ತಂಡದ ಅತ್ಯುತ್ತಮರ ಹಾಳೆಯಲ್ಲಿರುತ್ತವೆ. ಐದು ವರ್ಷದಿಂದ ಒಂದೇ ಮಾಡ್ಯೂಲನ್ನು ನೋಡಿಕೊಂಡು, ಹಂಗಾಮು ಶುರುವಾದರೆ ರಾತ್ರಿ ಎರಡಕ್ಕೂ ಫೋನ್ ಎತ್ತುವ ವ್ಯಕ್ತಿ, ಆ ಕೆಲಸವನ್ನು ಬೇರೆ ಯಾರೂ ಮಾಡಲಾರರು ಎಂಬ ಒಂದೇ ಕಾರಣಕ್ಕೆ ಅಲ್ಲಿಯೇ ಉಳಿದಿರುತ್ತಾರೆ. ನಾವು ಅವರನ್ನು ಹೊಗಳುತ್ತೇವೆ, ಬಿಡುಗಡೆ ಮಾಡುವುದಿಲ್ಲ. ಇಬ್ಬರಿಗೆ ಆ ಕೆಲಸ ಕಲಿಸಲು ಅವರಿಗೆ ಹೊತ್ತು ಕೊಟ್ಟು, ಫೋನಿನ ಸರದಿಯನ್ನು ಹಂಚಿ, ಅವರು ಬಯಸಿದ ಹೊಸ ಕೆಲಸಕ್ಕೆ ದಿನಾಂಕ ಗೊತ್ತುಮಾಡಬೇಕು. ದಿನಾಂಕವಿಲ್ಲದ ಭರವಸೆಯನ್ನು ಅವರು ಈಗಾಗಲೇ ಹಲವು ಸಲ ಕೇಳಿರುತ್ತಾರೆ.

ನೋಡುವ ಕಣ್ಣಿನ ದೋಷ

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದಾಗ, ಒಂದು ಗುಣದಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಂಬಂಧವೇ ಇಲ್ಲದ ಬೇರೆ ಗುಣಗಳಲ್ಲೂ ಹೆಚ್ಚು ಅಂಕ ಬಿದ್ದಿರುವುದು ಕಂಡಿತು. ನಮ್ಮ ಹಾಳೆಯೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಆದ್ದರಿಂದ ಒಬ್ಬರ ಹಾಳೆಯನ್ನು ಮೇಲಿನಿಂದ ಕೆಳಗೆ ತುಂಬಬೇಡಿ. ಒಂದು ಸಾಲನ್ನು ಹಿಡಿದು, ಆ ಕೆಲಸದಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಅಡ್ಡಲಾಗಿ ತುಂಬಿ, ನಂತರ ಮುಂದಿನ ಸಾಲಿಗೆ ಹೋಗಿ. ಎರಡು ವಾರಕ್ಕೊಮ್ಮೆ ಪ್ರತಿಯೊಬ್ಬರ ಬಗ್ಗೆ ಎರಡು ಸಾಲು ಬರೆದಿಡುವ ರೂಢಿ ಇದ್ದರೆ ಕಳೆದ ವಾರದ ಒಂದು ಜಗಳ ಇಡೀ ಮೂರು ತಿಂಗಳನ್ನು ನುಂಗುವುದಿಲ್ಲ. ಅದೇ ಕೆಲಸವನ್ನು ಹತ್ತಿರದಿಂದ ನೋಡಿದ ಇನ್ನೊಬ್ಬ ಹಿರಿಯರಿಂದ ಹಾಳೆಯನ್ನು ಪ್ರತ್ಯೇಕವಾಗಿ ತುಂಬಿಸಿ. ಇಬ್ಬರ ಬರಹ ಬೇರೆಯಾದ ಖಾನೆಗಳ ಬಗ್ಗೆ ಮಾತ್ರ ಕುಳಿತು ಮಾತಾಡಿದರೆ ಸಾಕು.

ಹಾಳೆಯನ್ನು ಅವರ ಎದುರಿಗೇ ಇಡುವುದು

ಅವರಿಗೆ ತೋರಿಸಲಾಗದ ಮಾತನ್ನು ಹಾಳೆಯಲ್ಲಿ ಬರೆಯಬೇಡಿ. ಮಾತಿಗೆ ಕೂರುವ ಮೂರು ದಿನ ಮೊದಲು ಖಾಲಿ ಹಾಳೆಯೊಂದನ್ನು ಅವರಿಗೂ ಕೊಟ್ಟು, ತಮ್ಮ ಬಗ್ಗೆ ತಾವೇ ತುಂಬಿ ತರಲು ಹೇಳಿ. ಇಬ್ಬರ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟಾಗ, ತಮ್ಮ ಕೌಶಲವನ್ನು ನಾವು ಬರೆದದ್ದಕ್ಕಿಂತ ಕಡಿಮೆ ಬರೆದುಕೊಂಡವರೇ ನಮ್ಮಲ್ಲಿ ಹೆಚ್ಚು ಕಂಡಿದ್ದಾರೆ, ವಿಶೇಷವಾಗಿ ಹಳ್ಳಿಯಿಂದ ಬಂದ ಮೊದಲ ತಲೆಮಾರಿನ ಎಂಜಿನಿಯರುಗಳು. ಅಂತಹ ಖಾನೆಯ ಮುಂದೆ ನಿಂತು, ಯಾವ ಘಟನೆಯನ್ನು ನೋಡಿ ನೀವು ಹೆಚ್ಚು ಬರೆದಿರಿ ಎಂದು ವಿವರಿಸಿ. ಸಂಬಳದ ಮಾತನ್ನು ಅದೇ ದಿನ ತರಬೇಡಿ, ತಂದರೆ ಉಳಿದ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ಕೊನೆಗೆ ಮುಂದಿನ ಮೂರು ತಿಂಗಳಿಗೆ ಒಂದು ಸಾಲನ್ನು ಅವರು ಆರಿಸಲಿ, ಅದಕ್ಕಾಗಿ ನೀವು ಮಾಡಿಕೊಡಬೇಕಾದದ್ದನ್ನು ಅದರ ಪಕ್ಕದಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ: ಲಾಗ್ ನೋಡುವ ಅನುಮತಿ, ವಾರಕ್ಕೆ ಎರಡು ಗಂಟೆ, ಕಾರ್ಖಾನೆಗೆ ಒಂದು ಭೇಟಿ.

ನಾವು ಈ ಹಾಳೆಗಳನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ತುಂಬುತ್ತೇವೆ. ಅದರಲ್ಲೊಂದು ಸುತ್ತನ್ನು ಸೆಪ್ಟೆಂಬರಿನಲ್ಲೇ ಮುಗಿಸುತ್ತೇವೆ. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಕಾರ್ಖಾನೆಗಳು ಕಬ್ಬು ಅರೆಯಲು ತೊಡಗಿದ ಮೇಲೆ ಕಾಟಾದ ಮುಂದೆ ಗಾಡಿಗಳ ಸಾಲು ನಿಂತಿರುತ್ತದೆ. ಯಾರನ್ನು ಯಾವ ಕೆಲಸಕ್ಕೆ ಹಾಕಬೇಕು, ರಾತ್ರಿ ಪಾಳಿಯ ಫೋನ್ ಯಾರ ಕೈಯಲ್ಲಿರಬೇಕು ಎಂಬುದು ಅಷ್ಟರೊಳಗೆ ಗೊತ್ತಾಗಿರಬೇಕು.